ಬ್ರೇಕ್ ಪೆಡಲಿಗೆ ಬೇಕಾದ ಸಡಿಲ

ಇವತ್ತು ಪಡುಬಿದ್ರಿಯ ಹತ್ತಿರ ಕಾರು ಓಡಿಸುತ್ತಿದ್ದಾಗ, ಮುಂದಿದ್ದ ಲಾರಿಯಿಂದ ಕಾದ ಬ್ರೇಕಿನ ವಾಸನೆ ಬಂತು. ನಿಮಗೂ ಗೊತ್ತಿರುತ್ತದೆ; ರಬ್ಬರ್ ಸುಟ್ಟಂತೆಯೂ ಅಲ್ಲ, ತಂತಿ ಸುಟ್ಟಂತೆಯೂ ಅಲ್ಲ, ನಡುವಿನದೊಂದು ಘಾಟು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ನನ್ನ ಮುಖ ಬಿಸಿಯಾಯಿತು.

ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು ಅಮ್ಮನ ಮೊಣಕಾಲಿಗಾಗಿ. ಕಾಪುವಿನಲ್ಲಿ ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮೀನು ಮಾರಿದ ಮೊಣಕಾಲು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವಳು ಒಮ್ಮೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೂರು ವರ್ಷದ ಹಿಂದೆ ಅವಳನ್ನು ಮಣಿಪಾಲದ ಡಾಕ್ಟರಿಗೆ ತೋರಿಸಿ, ಇಳಿಜಾರಿನಲ್ಲಿ ಕಡಿಯಾಳಿಯ ಕಡೆಗೆ ಬರುವಾಗ, ಪೆಡಲ್ ಮೆಲ್ಲಗೆ ತಳದವರೆಗೆ ಇಳಿದುಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅಮ್ಮ ಇಳಿದು, ಚೀಲ ತೆಗೆದುಕೊಂಡು, ಬಸ್ಸು ಹತ್ತಿದಳು. ಆಮೇಲೆ ಎರಡು ತಿಂಗಳು ಬಸ್ಸೇ.

ಅಲೆವೂರಿನ ಗ್ಯಾರೇಜಿನ ಬಸಣ್ಣ, ಗದಗದ ಕಡೆಯವನು, ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದ. ಕಾಲಿನ ಒತ್ತನ್ನು ಎಣ್ಣೆಯ ಮೂಲಕ ಚಕ್ರಗಳಿಗೆ ಮುಟ್ಟಿಸುವ ಭಾಗ ಅದು. ಹೊಸತು ಹಾಕಿ, ಪೆಡಲನ್ನು ಬೆರಳಿನಿಂದ ಒತ್ತಿ ತೋರಿಸಿದ: ಮೊದಲು ಒಂದಿಷ್ಟು ಸುಮ್ಮನೆ ಹೋಗುತ್ತದೆ, ಆಮೇಲೆ ತಾಗುತ್ತದೆ.

“ಇಷ್ಟ್ ಸಡ್ಲ ಇರಬೇಕ್ರಿ ಮೇಡಂ. ಮುಟ್ಟಾಕ ಹೋಗಬ್ಯಾಡ್ರಿ.”

ನಾನೋ, ಲ್ಯಾಬಿನಲ್ಲಿ ತಕ್ಕಡಿಗಳ ತೂಕ ಸರಿಯಿದೆಯೇ ಎಂದು ನೋಡುವ ಕೆಲಸದವಳು. ಚೀಲದಲ್ಲಿ ಸದಾ ಒಂದು ಸ್ಟೀಲಿನ ಸ್ಕೇಲು. ಸಡಿಲ ಎಂದರೆ ನನ್ನ ಲೆಕ್ಕದಲ್ಲಿ ತಪ್ಪು. ಅಮ್ಮ ಮತ್ತೆ ಕೂರಬೇಕಾದರೆ ಕಾಲು ಸೋಕಿದ ಕೂಡಲೆ ಬ್ರೇಕು ಹಿಡಿಯಬೇಕು ಎಂದುಕೊಂಡೆ. ಭಾನುವಾರ ಪೆಡಲಿನ ಹಿಂದಿನ ರಾಡನ್ನು ಸ್ಪ್ಯಾನರಿನಿಂದ ತಿರುಗಿಸಿ, ಆರು ಮಿಲ್ಲಿಮೀಟರ್ ಸಡಿಲವನ್ನು ಸೊನ್ನೆಗೆ ತಂದೆ. ಆ ಸೊನ್ನೆ ನೋಡಿ ಎಷ್ಟು ಖುಷಿಪಟ್ಟೆನೆಂದು ಹೇಳಲು ಈಗ ನಾಚಿಕೆ.

ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋಗುವುದಿತ್ತು. ಹೊಸ ಪಾರ್ಟ್ ಹಾಕಿಸಿದ್ದೇನೆಂದು ಮತ್ತೆ ಮತ್ತೆ ಬೇಡಿಕೊಂಡ ಮೇಲೆ ಅಮ್ಮ ಹತ್ತಿದಳು, ಇದೊಂದು ಸಲ ಎಂಬ ಮುಖದಲ್ಲಿ. ಬೆಳ್ಮಣ್ ದಾಟುವಾಗ ಕಾರು ಭಾರವಾಗತೊಡಗಿತು. ವಾಸನೆ ಹಿಡಿದದ್ದು ಅಮ್ಮನ ಮೂಗೇ.

“ಎಂತ ಸುಡ್ತಾ ಉಂಟು?”

ನಿಲ್ಲಿಸಿ ನೋಡಿದರೆ ಮುಂದಿನ ಚಕ್ರದಿಂದ ಹೊಗೆ. ಬಸಣ್ಣನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, ಸ್ಪೀಕರಿನಲ್ಲೇ, “ರಾಡ್ ಮುಟ್ಟೀರೇನ್ರಿ?” ಎಂದ.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂದರೆ ತಪ್ಪು ಬಸಣ್ಣನದಾಗುತ್ತಿತ್ತು. ಹೌದು ಎಂದರೆ ಅವಳು ಇನ್ನೆಂದೂ ನನ್ನ ಪಕ್ಕ ಕೂರಲಾರಳು. ತಪ್ಪೊಪ್ಪಿಕೊಂಡು ನನಗೆ ಅಭ್ಯಾಸ ಕಡಿಮೆ.

“ನಾನೇ ತಿರುಗಿಸಿದ್ದು.”

ಬಸಣ್ಣ ಬೈಯಲಿಲ್ಲ. ಸಡಿಲವೇ ಇಲ್ಲದಿದ್ದರೆ ಕಾಲು ತೆಗೆದರೂ ಬ್ರೇಕು ಪೂರ್ತಿ ಬಿಡುವುದಿಲ್ಲ, ಉಜ್ಜಿ ಉಜ್ಜಿ ಕಾಯುತ್ತದೆ ಎಂದ. ಚಕ್ರ ತಣಿದ ಮೇಲೆ ರಾಡನ್ನು ಹಿಂದಕ್ಕೆ ತಿರುಗಿಸಬೇಕು. ಎಲ್ಲಿ ತಾಗುತ್ತದೆಂದು ಇನ್ನೊಬ್ಬರು ಪೆಡಲ್ ಒತ್ತಿ ಹೇಳಬೇಕು. ಇನ್ನೊಬ್ಬರು ಎಂದರೆ ಅಮ್ಮ.

ನಾನು ಸ್ಪ್ಯಾನರ್ ಹಿಡಿದು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದೆ. ಅವಳು ಪಕ್ಕದ ಸೀಟಿನಿಂದ ಬಾಗಿ ಪೆಡಲಿನ ಮೇಲೆ ಹೆಬ್ಬೆರಳಿಟ್ಟಳು. ಬಂಗುಡೆ ಮೀನಿನ ಹೊಟ್ಟೆ ಒತ್ತಿ, ಇವತ್ತಿನದೋ ನಿನ್ನೆಯದೋ ಎಂದು ಹೇಳುವ ಬೆರಳು. ನಾನು ಸ್ಕೇಲಿಗೆ ಕೈಹಾಕಿದೆ.

“ಅದು ಬೇಡ ಮಾರಾಯ್ತಿ. ನೀನು ತಿರುಗಿಸು.”

ತಿರುಗಿಸಿದೆ. ಇನ್ನೂ ಗಟ್ಟಿ ಉಂಟು ಎಂದಳು. ಮತ್ತಷ್ಟು ತಿರುಗಿಸಿದೆ. ಬೆರಳು ಸ್ವಲ್ಪ ಸುಮ್ಮನೆ ಇಳಿದು ನಿಂತಿತು.

“ಹಾಂ, ಈಗ ಇಲ್ಲಿ ತಾಗ್ತದೆ.”

ನಟ್ಟು ಬಿಗಿದು, ಅವಳನ್ನು ಇಳಿಸಿ, ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಓಡಿಸಿ ನಿಲ್ಲಿಸಿ ನೋಡಿದೆ. ಚಕ್ರ ತಣ್ಣಗೇ ಇತ್ತು. ವಾಪಸು ಬಂದು, ಕಾರ್ಕಳದ ಬಸ್ಸು ಇಲ್ಲೇ ಸಿಗುತ್ತದೆ ಎಂದೆ. ಅವಳು ಆಗಲೇ ಒಳಗೆ ಕೂತು ಬೆಲ್ಟು ಎಳೆದುಕೊಳ್ಳುತ್ತಿದ್ದಳು.

“ನಡಿ. ನಾನೇ ಒತ್ತಿ ನೋಡಿದ್ದಲ್ವಾ.”

ಅಂದಿನಿಂದ ಕಾರು ಹತ್ತುವ ಮೊದಲು ಅಮ್ಮ ನನ್ನ ಬದಿಯ ಬಾಗಿಲು ತೆರೆದು, ಬಾಗಿ, ಪೆಡಲನ್ನು ಒಮ್ಮೆ ಒತ್ತುತ್ತಾಳೆ. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಸರ್ವೀಸ್ ಆಗಿದೆಯೆಂದು ಚೀಟಿ ತೋರಿಸುತ್ತಿದ್ದೆ. ಇವತ್ತು ಪಡುಬಿದ್ರಿಯಿಂದ ಮನೆಗೆ ಬಂದಾಗ ಅವಳು ಸೀರೆ ಉಟ್ಟು ಡಾಕ್ಟರಲ್ಲಿಗೆ ಹೊರಟು ನಿಂತಿದ್ದಳು. ನಾನು ಇಳಿದು, ನನ್ನ ಬದಿಯ ಬಾಗಿಲನ್ನು ನಾನೇ ತೆರೆದು ಹಿಡಿದೆ. ಅವಳು ಒತ್ತಿ, ತಲೆಯಾಡಿಸಿದ ಮೇಲೆ ಒಳಗೆ ಕೂತೆ.