ಅರಿಶಿನ ಕುಡಿದ ಬಾಯ್ಲರ್

ನಮ್ಮ ಮನೆಯಲ್ಲಿ ಗಂಡಸರು ಮುಟ್ಟುವ ಸಾಮಾನು ಕೆಟ್ಟರೆ ಹೊಸದು ಬರುತ್ತದೆ. ಹೆಂಗಸರು ಮುಟ್ಟುವುದು ಕೆಟ್ಟರೆ ರಿಪೇರಿಗೆ ಹೋಗುತ್ತದೆ. ಇದನ್ನು ನಾನು ಜಗಳಕ್ಕೆ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ನನ್ನ ಗಂಡ ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಾರೆ. ಅವರ ಬೈಕು ಒಂದೆರಡು ಸಲ ದಾರಿಯಲ್ಲಿ ನಿಂತಿತು ಅಷ್ಟೇ, ಯುಗಾದಿ ಹೊತ್ತಿಗೆ ಹೂವಿನ ಹಾರ ಹಾಕಿಸಿಕೊಂಡ ಹೊಸ ಬೈಕು ಮನೆ ಮುಂದೆ ನಿಂತಿತ್ತು. ಬಚ್ಚಲುಮನೆಯ ತಾಮ್ರದ ಬಾಯ್ಲರ್ ಮಾತ್ರ ವರ್ಷಗಟ್ಟಲೆ ಸೋರುತ್ತಲೇ ಇತ್ತು.

ಆ ಬಾಯ್ಲರ್ ನನ್ನ ಮಾವನವರು ತಂದದ್ದು. ಎದೆಯೆತ್ತರದ ತಾಮ್ರದ ಡ್ರಮ್ಮು. ನಡುವೆ ಒಂದು ಕೊಳವೆ, ಕೊಳವೆಯೊಳಗೆ ಬೆಂಕಿ, ಸುತ್ತಲೂ ನೀರು. ಮೇಲಿನಿಂದ ತೆಂಗಿನ ಚಿಪ್ಪು ಹಾಕುತ್ತಿರಬೇಕು, ಕೆಳಗಿನ ಜಾಲರಿಯಿಂದ ಬೂದಿ ಬೀಳುತ್ತದೆ, ಪಕ್ಕದ ನಲ್ಲಿ ತಿರುಗಿಸಿದರೆ ಬಿಸಿನೀರು. ಕಾಯಿ ವ್ಯಾಪಾರದ ಮನೆಯಲ್ಲಿ ಚಿಪ್ಪಿಗೇನು ಬರ. ಹೊರಮೈಯಲ್ಲಿ ಸೋರಿದ್ದರೆ ಒಂದು ಬಕೆಟ್ ಇಟ್ಟು ಸುಮ್ಮನಿರುತ್ತಿದ್ದೆ. ಇದು ಸೋರುತ್ತಿದ್ದದ್ದು ಒಳಗಿನ ಕೊಳವೆಯಲ್ಲಿ, ಅಂದರೆ ನೇರ ಬೆಂಕಿಯ ಮೇಲೆ. ಚಿಪ್ಪು ನೆನೆದು, ಉರಿ ಸತ್ತು, ಬಚ್ಚಲು ತುಂಬ ಹೊಗೆ. ಅದರ ಮುಂದೆ ಕೂತು ಕೆಮ್ಮುತ್ತಾ ಊದುವವಳು ನಾನು. ಸ್ನಾನ ಮುಗಿಸಿ ಬಂದು “ಇವತ್ಯಾಕೋ ನೀರು ಉಗುರುಬೆಚ್ಚಗೈತಲ್ಲೇ” ಅನ್ನುವವರು ಅವರು.

ಹೊಸದು ತರೋಣ ಅಂದಾಗಲೆಲ್ಲ ಒಂದೇ ಪಾಠ.

“ಅಪ್ಪನ ಕಾಲದ ತಾಮ್ರ ಕಣೇ ಅದು. ಈಗಿನವು ಎಲ್ಲಾ ತಗಡು. ಇಂಥ ದಪ್ಪ ಎಲ್ಲೈತೆ ತೋರ್ಸು?”

ಆ ದಪ್ಪ ಯಾವತ್ತೋ ಸವೆದುಹೋಗಿತ್ತು. ವರ್ಷಕ್ಕೊಮ್ಮೆಯೋ ಎರಡು ಸಲವೋ ಅದನ್ನು ಚಿತ್ರದುರ್ಗಕ್ಕೆ ಸಾಗಿಸಿ ಬೆಸುಗೆ ಹಾಕಿಸಿಕೊಂಡು ಬರುತ್ತಿದ್ದರು. ಒಂದು ತೂತು ಮುಚ್ಚಿದರೆ ಅದರ ಪಕ್ಕದಲ್ಲೇ ಇನ್ನೊಂದು ಬಾಯಿ ಬಿಡುತ್ತಿತ್ತು. ಬೆಸುಗೆಯವನಿಗೇನು, ನಾವು ಅವನ ಕಾಯಂ ಗಿರಾಕಿ. “ಇನ್ನೂ ಗಟ್ಟಿ ಐತೆ ಬಿಡಣ್ಣ” ಅಂತ ಹೇಳಿ ಕಳಿಸುತ್ತಿದ್ದ. ಪ್ರತಿ ಸಲದ್ದೂ ಚಿಲ್ಲರೆ ಕಾಸೇ. ಬೆಸುಗೆ, ಆಟೋ, ಎತ್ತಿ ಇಳಿಸುವವರ ಕೂಲಿ ಎಲ್ಲಾ ಕೂಡಿದರೆ ಹೊಸದೇ ಬರುತ್ತಿತ್ತು. ಕಾಯಿಯ ಲೆಕ್ಕವನ್ನು ಬಾಯಲ್ಲೇ ಮಾಡುವ ಮನುಷ್ಯನಿಗೆ ಈ ಲೆಕ್ಕ ಮಾತ್ರ ಬರಲಿಲ್ಲ.

ನಮ್ಮ ಬೋರಿನ ನೀರಿನ ಗುಣವನ್ನೂ ಹೇಳಬೇಕು. ಕಾಯಿಸಿದ ಪಾತ್ರೆಗೆಲ್ಲ ಸುಣ್ಣ ಬಳಿದಂತೆ ಉಪ್ಪು ಕೂರುತ್ತದೆ. ನಡುವೆ ಒಮ್ಮೆ ಗೀಸರ್ ಬಂದಿತ್ತು. ಅದರ ಕಾಯಿಲ್ ಉಪ್ಪು ಹಿಡಿದು ಸತ್ತದ್ದೇ ತಡ, ಬಾಯ್ಲರ್‌ಗೆ ಚಿರಾಯುಷ್ಯ ಸಿಕ್ಕಿತು. ಬಾಯ್ಲರ್ ಒಳಗೂ ಬೆರಳು ದಪ್ಪ ಉಪ್ಪು ಕಟ್ಟಿತ್ತು. ಒಂದು ದಿನ ನಾನು ಅದನ್ನು ಕೆರೆಯಲು ಕೂತರೆ ಓಡಿಬಂದು ಕೈಯಿಂದ ಸಲಾಕೆ ಕಿತ್ತುಕೊಂಡರು.

“ಕೆರೀಬ್ಯಾಡ ಮಾರಾಯ್ತಿ! ಆ ಉಪ್ಪೇ ತೂತೆಲ್ಲಾ ಮುಚ್ಚಿರೋದು!”

ನಮ್ಮ ಬೀದಿಯಲ್ಲಿ ಹೀಗೆ ನಂಬಿದವರು ಇವರೊಬ್ಬರೇ ಅಲ್ಲ. ಉಪ್ಪು ಕಟ್ಟಿದಷ್ಟೂ ನೀರು ಕಾಯುವುದು ನಿಧಾನ, ನೀರು ಕಾಯದಷ್ಟೂ ಉರಿ ಜಾಸ್ತಿ, ಉರಿ ಜಾಸ್ತಿಯಾದಷ್ಟೂ ತಾಮ್ರ ಸವೆಯುತ್ತದೆ. ದಿನಾ ಒಲೆ ಮುಂದೆ ಕೂರುವ ಯಾರಿಗೆ ಕೇಳಿದರೂ ಇದು ಗೊತ್ತು. ಆದರೆ ಕೇಳಬೇಕಲ್ಲ.

ಅಷ್ಟರಲ್ಲಿ ಹೊಳಲ್ಕೆರೆಗೆ ಕೊಟ್ಟ ಮಗಳು ಬಾಣಂತನಕ್ಕೆ ಬಂದಳು. ಬಾಣಂತಿಯ ಮನೆಯಲ್ಲಿ ಬಿಸಿನೀರು ಅಂದರೆ ಒಂದು ಬಕೆಟ್ ಮಾತಲ್ಲ. ಅವಳ ಸೊಂಟಕ್ಕೆ, ಬೆನ್ನಿಗೆ ಬಿಂದಿಗೆಗಟ್ಟಲೆ ಸುರಿಯಬೇಕು, ಆಮೇಲೆ ಕೂಸಿಗೆ ಬೇರೆ. “ಹೊಗೆಯೊಳಗೆ ಹಸಿಗೂಸನ್ನ ಕೂರಿಸ್ಲಾ? ಇವತ್ತೇ ಹೊಸದು ತರ್ರಿ” ಅಂದೆ. ತರುತ್ತೇನೆ ಅಂತ ಹೋದವರು ಹೆದ್ದಾರಿಯ ಟೀ ಅಂಗಡಿಯಲ್ಲಿ ಲಾರಿ ಡ್ರೈವರ್ ಒಬ್ಬನ ಮಾತು ಕೇಳಿಕೊಂಡು ಬಂದರು. ಲಾರಿಯ ರೇಡಿಯೇಟರ್ ಸೋರಿದರೆ ಒಳಕ್ಕೆ ಅರಿಶಿನಪುಡಿ ಸುರಿಯುತ್ತಾರಂತೆ, ಅದು ಹೋಗಿ ತೂತಿನಲ್ಲಿ ಕೂತು ಮುಚ್ಚಿಕೊಳ್ಳುತ್ತದಂತೆ. ನನ್ನ ಅಡುಗೆಮನೆಯ ಡಬ್ಬಿ ಎತ್ತಿಕೊಂಡು ಹೋಗಿ ಪೂರ್ತಿ ಬಾಯ್ಲರ್‌ಗೆ ಸುರಿದರು.

ಸೋರುವುದು ನಿಂತಿತು! ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. ಅವರು ಓಣಿಯಲ್ಲಿ ಬಂದಬಂದವರನ್ನೆಲ್ಲ ಕರೆದು ತೋರಿಸಿದರು. ನಲ್ಲಿಯಲ್ಲಿ ಹಳದಿ ನೀರು. ಕೂಸಿನ ಬಿಳಿ ಬಟ್ಟೆಯೆಲ್ಲ ಮದುವೆಮನೆ ಬಟ್ಟೆಯಂತಾದವು. ಅತ್ತೆ ಮಾತ್ರ ನಕ್ಕು, “ಬಾಣಂತಿಗೆ ಅರಿಶಿನ ಒಳ್ಳೇದೇ ಬಿಡಮ್ಮ” ಅಂದರು. ಮಗನ ಮಾನ ಉಳಿಸುವುದು ಅವರಿಗೆ ಅಭ್ಯಾಸವಾಗಿತ್ತು.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಮಗಳ ಸ್ನಾನ ಮುಗಿದು ಅವಳು ಕೋಣೆಗೆ ಹೋಗಿದ್ದಳು. ಅತ್ತೆ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಹಸಿಗೂಸಿಗೆ ಎರೆಯುವುದು ನಮ್ಮ ಮನೆಯಲ್ಲಿ ಅವರದೇ ಕೆಲಸ. ನಾನು ಬಿಂದಿಗೆ ಹಿಡಿದು ನಲ್ಲಿಗೆ ಕೈ ಹಾಕಿದ್ದೆ. ಒಳಗೆ ಏನೋ ಬಿರಿದ ಸದ್ದಾಯಿತು. ಕೊಳವೆ ಉದ್ದಕ್ಕೂ ಸೀಳಿತ್ತು. ಕುದಿಯುವ ನೀರೆಲ್ಲ ಬೆಂಕಿಗೆ ಬಿದ್ದು, ಕೆಂಡ, ಬೂದಿ ಸಮೇತ ಜಾಲರಿ ಕೆಳಗಿನಿಂದ ನೆಲದ ಮೇಲೆ ನುಗ್ಗಿತು. ಬಚ್ಚಲ ಇಳಿಜಾರು ಇದ್ದದ್ದು ಅತ್ತೆ ಕೂತ ಕಡೆಗೆ.

ನಾನು ಕಿರುಚಿದೆ. ಅತ್ತೆ ಕೂಸನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದರು. ಕೂತಲ್ಲಿಂದ ಏಳಬೇಕಾದರೆ ಅವರಿಗೆ ಒಂದು ಕೈಯನ್ನಾದರೂ ನೆಲಕ್ಕೆ ಊರಲೇಬೇಕು. ಆ ಕೈ ಕೂಸಿನ ಕೆಳಗಿತ್ತು. ನಾನು ನೀರು ದಾಟಿ ಹೋಗಿ ಕೂಸನ್ನು ಈಸಿಕೊಳ್ಳುವವರೆಗೂ ಅವರು ಹಾಗೇ ಕೂತಿದ್ದರು. ಕೂಸಿಗೆ ಒಂದು ಹನಿಯೂ ತಾಗಲಿಲ್ಲ. ಅವರ ಎರಡೂ ಕಾಲಿನ ಹಿಂಭಾಗ, ಹಿಮ್ಮಡಿಯಿಂದ ಮೊಣಕಾಲಿನ ತನಕ ಬೆಂದುಹೋಯಿತು.

ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಗಾಯ ಮಾಯುವ ತನಕ ನೀರು ತಾಗಿಸಬಾರದು, ಸ್ನಾನ ಬೇಡ ಅಂದರು. ನನ್ನ ಗಂಡ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಪಾಪ ಅನ್ನಿಸುವಷ್ಟರಲ್ಲಿ ಬಾಯಿ ಬಿಟ್ಟರು.

“ಒಳಗಿನ ಕೊಳವೆ ಒಂದು ಹೊಸದು ಹಾಕ್ಸಿದ್ರೆ ಸಾಕಾಗ್ತಿತ್ತೇನೋ. ಮೇಲ್ಗಡೆ ತಾಮ್ರ ಇನ್ನೂ ಚೆನ್ನಾಗೈತೆ.”

ಆಸ್ಪತ್ರೆ ಅನ್ನುವುದನ್ನೂ ನೋಡದೆ ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. “ನಿಮಗೆ ತಾಮ್ರ ಬೇಕೋ ನಿಮ್ಮಮ್ಮ ಬೇಕೋ” ಅಂದದ್ದು ನೆನಪಿದೆ. ಅಂದದ್ದಕ್ಕೆ ಇವತ್ತಿಗೂ ಬೇಸರವಿಲ್ಲ.

ಅಲ್ಲಿಂದ ಸೀದಾ ಮನೆಗೆ ಹೋಗಿ ಆ ಬಾಯ್ಲರನ್ನು ಆಟೋಕ್ಕೆ ಹಾಕಿಸಿಕೊಂಡು ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವರು ಎದ್ದು ನಿಂತು, “ಯಜಮಾನ್ರು ಬರ್ಲಿಲ್ವೇನಮ್ಮ? ಒಂದು ಫೋನ್ ಮಾಡಿ ಕೇಳ್ಬಿಡ್ಲಾ?” ಅಂದರು.

“ಇದರ ಮುಂದೆ ಕೂತು ಕಣ್ಣು ಕಳ್ಕಂಡೋಳು ನಾನು. ಯಾರನ್ನೂ ಕೇಳೋದು ಬ್ಯಾಡ, ಹೊಸದು ತೋರಿಸ್ರಿ” ಅಂದೆ.

ಹಳೇ ತಾಮ್ರವನ್ನು ತೂಕಕ್ಕೆ ಹಾಕುವ ಮೊದಲು ಒಳಗಿನ ಉಪ್ಪನ್ನೂ ಬೆಸುಗೆಯ ತೇಪೆಗಳನ್ನೂ ಬಡಿದು ಉದುರಿಸಿದರು. ನೆಲದ ಮೇಲೆ ಅವು ಒಂದು ಗುಡ್ಡೆಯಾದವು. ಉಳಿದ ತಾಮ್ರ ಎಷ್ಟು ತೆಳ್ಳಗಿತ್ತೆಂದರೆ ಅಂಗಡಿಯವರು ಅದನ್ನು ಕೈಯಲ್ಲೇ ಬಗ್ಗಿಸಿದರು. ಸಂಜೆಗೆ ಹೊಸ ಬಾಯ್ಲರ್ ಬಚ್ಚಲಲ್ಲಿ ಕೂತಿತು.

ಮಾರನೆಯ ಬೆಳಿಗ್ಗೆ ಹೊಗೆ ಇಲ್ಲ, ಊದುವುದಿಲ್ಲ, ನೀರು ಬೇಗ ಕಾಯಿತು. ಮೊದಲು ಸ್ನಾನಕ್ಕೆ ಹೋದವರು ನನ್ನ ಗಂಡ. ಹಿಂದಿನ ಸಂಜೆಯೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಸ್ನಾನ ಮಾಡದೆ ಒಂದು ದಿನವೂ ಲಿಂಗವನ್ನು ಕೈಗೆ ತೆಗೆದುಕೊಂಡವರಲ್ಲ ಅವರು. ಪೂಜೆ ಆಗದೆ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ. ಹಿಂದಿನ ರಾತ್ರಿಯಿಂದ ತುಟಿ ಒಣಗಿತ್ತು. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು.

“ಮೈ ಒರಸ್ಕಂಡು ಪೂಜೆ ಮಾಡಿದ್ರೆ ಶಿವ ಒಪ್ಕಂತಾನೇನಮ್ಮ?”

ನೋವು ಅಂತ ಒಂದು ಮಾತೂ ಆಡದವರು ಇದಕ್ಕೆ ಅಳುತ್ತಿದ್ದರು. ಒಪ್ಪುತ್ತಾನೆ ಅಂದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಅವರ ಮುಖ, ಕುತ್ತಿಗೆ, ಕೈ ಒರೆಸತೊಡಗಿದೆ. ಅಷ್ಟರಲ್ಲಿ ಇವರು ತಲೆ ಒರೆಸಿಕೊಳ್ಳುತ್ತಾ ಒಳಗೆ ಬಂದರು.

“ಕೊತಕೊತ ಅಂತ ಕುದೀತೈತೆ ಕಣೇ ನೀರು. ಮೊದ್ಲೇ ತರ್ಬೇಕಾಗಿತ್ತು.”

ನಾನು ಎದ್ದೆ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವರ ಕೈಗೆ ಕೊಟ್ಟು, “ಗಾಯ ಮಾಯೋವರ್ಗೂ ದಿನಾ ಬೆಳಿಗ್ಗೆ ನಿಮ್ಮಮ್ಮಂಗೆ ನೀವೇ ಒರಸ್ರಿ” ಅಂತ ಹೇಳಿ ಅಡುಗೆಮನೆಗೆ ಹೋದೆ.