ವಿದ್ಯಾವತಿಯ ಎರಡು ಡಬ್ಬಿ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬೆಳಗಿನ ಬಸ್ಸು ಹತ್ತಿದರೆ ಕಂಡಕ್ಟರ್ ವಿದ್ಯಾವತಿ ಮೊದಲು ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಬೀಳುತ್ತಾಳೆ. "ಒಳಗ ಸರೀರಿ, ಇನ್ನಾ ಹತ್ತು ಮಂದಿ ಹಿಡಿತಾರ. ಬಾಗಿಲದಾಗ ನಿಂದ್ರಾಕ ಇದೇನ್ ನಿಮ್ಮ ಮಾವನ ಮನಿ ಏನು?" ಅನ್ನುವ ದನಿ ಮಂದಿಯ ನಡುವಿನಿಂದ ಎಲ್ಲಿಂದಲೋ ಬರುತ್ತದೆ. ದನಿ ಹುಡುಕಿಕೊಂಡು ಹೋದರೆ ಸಿಗುವುದು ಇಷ್ಟೇ ಇಷ್ಟು ಹೆಂಗಸು. ವಯಸ್ಸು ನಲವತ್ತೊಂದು, ಖಾಕಿ ಅಂಗಿಯ ತೋಳಿನಲ್ಲಿ ಇನ್ನೊಂದು ಕೈ ಹಿಡಿಸುವಷ್ಟು ಜಾಗ. ಎಂಬತ್ತು ಮಂದಿ ತುಂಬಿದ ಬಸ್ಸಿನಲ್ಲಿ ಒಬ್ಬರ ಕಾಲೂ ತುಳಿಯದೆ ಈ ತುದಿಯಿಂದ ಆ ತುದಿಗೆ ಹೋಗಿ, ಎಲ್ಲರ ಟಿಕೆಟ್ ಹರಿದು, ತಾಜಸುಲ್ತಾನಪುರದಲ್ಲಿ ಇಳಿಯಬೇಕಾದ ಅಜ್ಜ ನಿದ್ದೆ ಹೋಗಿದ್ದರೆ ಹೆಗಲು ತಟ್ಟಿ ಎಬ್ಬಿಸಿಯೂ ಬರುತ್ತಾಳೆ. ಅವಳಂಥ ಕಂಡಕ್ಟರ್ ಸಿಗುವುದಿಲ್ಲ ಅನ್ನುವ ಮಾತನ್ನು ಅವಳ ಕೈಲಿ ಬೈಸಿಕೊಂಡವರೇ ಹೇಳುತ್ತಾರೆ.

ಇಂಥ ಗಟ್ಟಿ ಹೆಂಗಸಿಗೆ ಬಾರದ ಕೆಲಸ ಒಂದೇ ಒಂದು. ಉಣ್ಣುವುದು.

ಹುಟ್ಟಿದ ಮನೆಯಲ್ಲಿ ಐದು ಮಕ್ಕಳಿಗೆ ಹಿರಿಯಳು. ಎಲ್ಲರಿಗೂ ಬಡಿಸಿ, ಬುಟ್ಟಿಯಲ್ಲಿ ಉಳಿದದ್ದನ್ನು ತಿಂದು ಬೆಳೆದವಳು. ಕೊಟ್ಟ ಮನೆಯಲ್ಲೂ ಅದೇ ರೂಢಿ ನಡೆಯಿತು. ಗಂಡ ಮೌನೇಶ ಒಳ್ಳೆಯವನೇ, ಆದರೆ ಹೆಂಡತಿ ಉಂಡಳೋ ಇಲ್ಲವೋ ಎಂದು ಕೇಳುವುದು ಗಂಡಸರ ಕೆಲಸ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಕಾಮಾಲೆ ಆಗಿ ಹಸಿವೇ ಸತ್ತುಹೋಯಿತು. ಕಾಮಾಲೆ ಹೋಯಿತು, ಹಸಿವು ಮಾತ್ರ ಮರಳಿ ಬರಲಿಲ್ಲ. ಮುಂಜಾನೆ ಒಂದು ಚಾ, ಮಧ್ಯಾಹ್ನ ಅರ್ಧ ರೊಟ್ಟಿ, ಮತ್ತೆ ಚಾ. ಇದನ್ನು ಕಂಡು ಓಣಿಯ ಹೆಂಗಸರು ಚಿಂತೆ ಮಾಡಿದರು ಎಂದುಕೊಂಡಿರಾ? ಹೊಗಳಿದರು. "ಎಷ್ಟು ಕಮ್ಮಿ ಉಣ್ತಾಳ ನೋಡು, ಹೆಣ್ಮಗಳಂದ್ರ ಹಿಂಗಿರಬೇಕು" ಅಂದರು. ವಿದ್ಯಾವತಿಗೂ ಒಳಗೊಳಗೆ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಬೇಕು.

ಹೆಮ್ಮೆ ಇಳಿದದ್ದು ಮಹಾಗಾಂವ್ ಕ್ರಾಸಿನಲ್ಲಿ. ಅವತ್ತು ಕಮಲಾಪುರದ ಸಂತೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ರೈಟ್" ಅನ್ನಲು ಬಾಯಿ ತೆರೆದವಳು ಹಾಗೇ ಕುಸಿದಳು. ಡ್ರೈವರ್ ಅಲ್ಲಾವುದ್ದೀನ್ ಬಸ್ಸು ನಿಲ್ಲಿಸಿ ಓಡಿ ಬಂದು ಮುಖಕ್ಕೆ ನೀರು ಹೊಡೆದ. ಮರುದಿನ ಡಾಕ್ಟರು ತೂಕ ನೋಡಿದರೆ ಮೂವತ್ತೆಂಟು ಕಿಲೋ.

"ಮೂರು ತಿಂಗಳು ಟೈಮ್ ಕೊಡ್ತೀನಿ. ನಲವತ್ತಮೂರಕ್ಕ ಬರ್ರಿ" ಅಂದರು ಡಾಕ್ಟರು. "ಬರಲಿಲ್ಲಂದ್ರ ಬಸ್ ಮ್ಯಾಲೆ ಕಳಿಸಬ್ಯಾಡ್ರಿ ಅಂತ ಡಿಪೋಕ್ಕ ಬರದುಕೊಡ್ತೀನಿ. ಒಳಗ ಕುರ್ಚಿ ಮ್ಯಾಲೆ ಕುಂತು ಕೆಲಸ ಮಾಡ್ರಿ."

ಬೇರೆಯವರಾಗಿದ್ದರೆ ಕುರ್ಚಿ ಸಿಕ್ಕಿತೆಂದು ಪೇಡೆ ಹಂಚುತ್ತಿದ್ದರು. ವಿದ್ಯಾವತಿಗೆ ಆ ಕುರ್ಚಿ ಬೇಡವಾಗಿತ್ತು. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಅವಳ ಮಾತಿಗೆ ಸರಿದು ನಿಂತವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅವಳು "ರೈಟ್" ಅಂದರೆ ಅಷ್ಟು ದೊಡ್ಡ ಗಾಡಿ ಹೊರಡುತ್ತದೆ, "ತಡೀರಿ" ಅಂದರೆ ನಿಲ್ಲುತ್ತದೆ. ಅದನ್ನು ಬಿಟ್ಟುಕೊಡುವುದೆಂದರೆ ಅವಳಿಗೆ ಜೀವ ಹೋದ ಹಾಗೆ.

ಪಿಯುಸಿ ಓದುವ ಮಗಳು ಸೃಷ್ಟಿ ಅಮ್ಮನನ್ನು ಅಲ್ಫಿಯಾ ಎಂಬ ಆಹಾರತಜ್ಞೆಯ ಹತ್ತಿರ ಎಳೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಹುಡುಗಿ, ಆದರೆ ಮಾತು ಖಡಕ್.

"ಅಕ್ಕಾರ, ನಿಮ್ಮ ಮೈಗೆ ದಿನಕ್ಕ ಎರಡು ಸಾವಿರ ಕ್ಯಾಲರಿ ಬೇಕು. ನೀವು ಕೊಡಾಕತ್ತಿದ್ದು ಒಂಬೈನೂರು. ಡೀಸೆಲ್ ಹಾಕಲಾರದೆ ಬಸ್ ಓಡಸಾಕತ್ತೀರಿ."

"ಹಸಿವೇ ಆಗಂಗಿಲ್ರಿ, ಏನ್ ಮಾಡ್ಲಿ?"

"ಹಸಿವಿನ ದಾರಿ ಕಾಯಬ್ಯಾಡ್ರಿ. ಒಮ್ಮೆಲೆ ತಾಟು ತುಂಬ ಉಣ್ಣಾಕ ಆಗಲಿಕ್ಕಿಲ್ಲ, ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ರಿ. ರೊಟ್ಟಿಗೆ ತುಪ್ಪ, ಪಲ್ಯದ ಮ್ಯಾಲೆ ಶೇಂಗಾ ಚಟ್ನಿಪುಡಿ, ಚಾದ ಬದಲಿ ಹಾಲು. ಶೇಂಗಾ ಉಂಡಿ, ಖರ್ಜೂರ, ಬಾಳಿಹಣ್ಣು. ಸಣ್ಣ ತುತ್ತಿನಾಗ ಹೆಚ್ಚು ಹೋಗಬೇಕು."

ಬಸ್ಸಿನಲ್ಲಿ ಗಡಿಯಾರ ನೋಡಲು ಯಾರಿಗೆ ಪುರಸೊತ್ತು? ವಿದ್ಯಾವತಿ ತನ್ನದೇ ಲೆಕ್ಕ ಹಾಕಿಕೊಂಡಳು. ದಿನಕ್ಕೆ ಮೂರು ಸಲ ಹೋಗಿ ಬರುವುದು, ಅಂದರೆ ಆರು ಟ್ರಿಪ್. ಒಂದೊಂದು ಟ್ರಿಪ್ಪಿಗೂ ಟಿಕೆಟ್ ಮುಗಿಸಿ ಸೀಟಿನಲ್ಲಿ ಕೂತ ಕೂಡಲೇ ಒಂದಿಷ್ಟು ತಿನ್ನುವುದು. ಸೃಷ್ಟಿ ದೊಡ್ಡ ಡಬ್ಬಿ ತುಂಬಿ ಕಳಿಸಿದಳು. ಸಂಜೆ ಡಬ್ಬಿ ಖಾಲಿಯಾಗಿ ಬಂತು. ಮರುದಿನವೂ ಖಾಲಿ. ತಾಯಿ ದಾರಿಗೆ ಬಂದಳು ಎಂದು ಮನೆಯಲ್ಲಿ ಸಂಭ್ರಮವೋ ಸಂಭ್ರಮ.

ತಿಂಗಳು ಕಳೆದು ತೂಕ ನೋಡಿದರೆ ಮೂವತ್ತೇಳೂವರೆ.

"ತಿಂದ್ರೋ ಇಲ್ಲೋ ಖರೇ ಹೇಳ್ರಿ" ಅಂದಳು ಅಲ್ಫಿಯಾ.

"ಡಬ್ಬಿ ಖಾಲಿ ಆಗೇದಲ್ರಿ."

"ಡಬ್ಬಿ ತೂಕ ನೋಡಾಕತ್ತಿಲ್ಲ ನಾನು. ಯಾರ್ ಖಾಲಿ ಮಾಡಿದ್ರು?"

ಖಾಲಿ ಮಾಡಿದ್ದು ಬಸ್ಸಿನ ಮಂದಿ. ನಮ್ಮ ಕಡೆ ನಾಲ್ಕು ಮಂದಿಯ ಮುಂದೆ ಬುತ್ತಿ ಬಿಚ್ಚಿ, "ಬರ್ರಿ, ಉಣ್ಣೂಣು" ಅನ್ನದೆ ತುತ್ತು ಎತ್ತಿದರೆ ಅಂಥವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಕ್ಕದವರು "ಆತ್ರಿ, ನಿಮ್ದಾಗ್ಲಿ" ಅನ್ನುತ್ತಾರೆ, ಅದೂ ಮರ್ಯಾದೆಯೇ. ಅಲ್ಲಿಗೆ ಮುಗಿಯಬೇಕು. ಆದರೆ ವಿದ್ಯಾವತಿ ಆ ಮಾತನ್ನು ನಂಬುವವಳಲ್ಲ, ಕೈಗೆ ತುರುಕಿಯೇ ತೀರುವವಳು. ತುಪ್ಪದ ರೊಟ್ಟಿ ಕಾಲೇಜು ಹುಡುಗಿಯರಿಗೆ ಹೋಯಿತು, ಉಂಡಿ ಬಸುರಿಯರಿಗೆ, ಖರ್ಜೂರ ಕೂಸುಗಳಿಗೆ. ಒಂದು ತಿಂಗಳಲ್ಲಿ ಕಮಲಾಪುರ ಲೈನಿನ ಮಂದಿಯೆಲ್ಲ ಚೆನ್ನಾಗಿ ಮೈ ತುಂಬಿಕೊಂಡರು.

ಮರುದಿನ ಮಂದಿಗೆ ಬೆನ್ನು ತಿರುಗಿಸಿ, ಕಿಟಕಿ ಕಡೆ ಮುಖ ಮಾಡಿ ತಿಂದು ನೋಡಿದಳು. ಕದ್ದು ತಿಂದ ಹಾಗಾಗಿ ಡಬ್ಬಿ ಮುಚ್ಚಿಟ್ಟಳು. "ಅಕ್ಕಾರ, ಬಸ್ಸಿನ ಟ್ಯಾಂಕಿನಾಗಿಂದ ಯಾರಿಗರೆ ಡೀಸೆಲ್ ಕೊಟ್ಟೀನೇನು ನಾ? ಅದು ಬಸ್ಸಿಂದು" ಅಂದ ಅಲ್ಲಾವುದ್ದೀನ್. "ಮನುಷ್ಯಾರ ಸುದ್ದಿ ಬ್ಯಾರೆ ಅದ ಭಾಯಿ" ಎಂದು ಅವನ ಬಾಯಿ ಮುಚ್ಚಿಸಿದಳು. ಆದರೆ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಎರಡು ದಿನ ಯೋಚನೆ ಮಾಡಿ ಮೂರನೆಯ ದಿನ ಎರಡು ಡಬ್ಬಿ ತಂದಳು. ಸಣ್ಣದರಲ್ಲಿ ಚುರಮುರಿ, ಹುರಿಗಡಲೆ. ಅದು ಮಂದಿಗೆ. ದೊಡ್ಡದರಲ್ಲಿ ಅಲ್ಫಿಯಾ ಹೇಳಿದ್ದು. ಅದು ತನಗೆ. ಸಣ್ಣ ಡಬ್ಬಿ ಮುಂದೆ ಹಿಡಿದು "ಬರ್ರಿ" ಅನ್ನುವುದು, ಅದು ಮುಗಿದರೆ ಮುಗಿಯಿತು, ಆಮೇಲೆ ಎಲ್ಲರೆದುರೇ ದೊಡ್ಡ ಡಬ್ಬಿ ಬಿಚ್ಚುವುದು. ಹೇಳಲು ಸುಲಭ. ಮೊದಲ ವಾರ ಅವಳಿಗೆ ಒಂದೊಂದು ತುತ್ತೂ ಕಲ್ಲು ನುಂಗಿದ ಹಾಗಿತ್ತು. ಹಸಿವಿಲ್ಲದ ಹೊಟ್ಟೆ ಒಂದು ಕಡೆ, ಮಂದಿಯ ಕಣ್ಣು ಇನ್ನೊಂದು ಕಡೆ. ಆದರೂ ಬಿಡಲಿಲ್ಲ. ಟಿಕೆಟ್ ಹರಿಯುವಷ್ಟೇ ನಿಯತ್ತಾಗಿ ತಿಂದಳು. ವಾಕರಿಕೆ ಬಂದ ದಿನ ಅರ್ಧ ತಿಂದು, ಉಳಿದರ್ಧ ಮುಂದಿನ ಟ್ರಿಪ್ಪಿಗೆ ಇಟ್ಟಳು. ಎರಡನೆಯ ತಿಂಗಳಿಗೆ ನಲವತ್ತಾಯಿತು. ಒಂದು ದಿನ ಕಮಲಾಪುರ ಮುಟ್ಟುವ ಮೊದಲೇ ಹೊಟ್ಟೆ ಗುರ್ ಎಂದಿತು. ಎರಡು ವರ್ಷದಿಂದ ಮರೆತಿದ್ದ ಆ ಸಪ್ಪಳ ಕೇಳಿ ಅವಳಿಗೆ ನಗುವೂ ಬಂತು, ಅಳುವೂ ಬಂತು.

ತೂಕ ನೋಡುವ ಹಿಂದಿನ ದಿನ ಕಮಲಾಪುರದಿಂದ ಮರಳುವಾಗ ಕುರಿಕೋಟಾ ಸೇತುವೆಯ ಹತ್ತಿರ ಬಸ್ಸಿನ ಟೈರು ಪಂಕ್ಚರ್ ಆಯಿತು. ಮಂದಿಯೆಲ್ಲ ಹಿಂದಿನಿಂದ ಬಂದ ಬಸ್ಸು ಹತ್ತಿ ಹೋದರು. ಉಳಿದವಳು ಶಿವಕಾಂತಮ್ಮ ಒಬ್ಬಳೇ, ಅವಳ ಬುಟ್ಟಿಗೆ ಆ ಬಸ್ಸಿನಲ್ಲಿ ಜಾಗವಿರಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ದಿನಾ ಕಲಬುರಗಿಗೆ ಒಯ್ದು ರೋಜಾ ಬಡಾವಣೆಯ ಹತ್ತಿರ ಮಾರುವ ಮುದುಕಿ ಆಕೆ, ವಿದ್ಯಾವತಿಯನ್ನು ಮಗಳ ಹಾಗೆ ಕಂಡವಳು. ಅಲ್ಲಾವುದ್ದೀನ್ ಟೈರಿನ ಕೆಲಸಕ್ಕೆ ನಿಂತ. ಹೆಂಗಸರಿಬ್ಬರೂ ಬೇವಿನ ಮರದ ಕೆಳಗೆ ಕೂತರು. ಸಣ್ಣ ಡಬ್ಬಿ ಆಗಲೇ ಖಾಲಿ. ವಿದ್ಯಾವತಿ ದೊಡ್ಡದನ್ನು ಬಿಚ್ಚಿದಳು. ಎರಡು ಶೇಂಗಾ ಉಂಡಿ ಇದ್ದವು.

"ಯವ್ವಾ, ಒಂದು ಉಂಡಿ ಕೊಡವ್ವಾ. ಮುಂಜಾನಿಂದ ಬರೀ ಚಾದ ಮ್ಯಾಲಿದೀನಿ" ಅಂದಳು ಮುದುಕಿ.

ವಿದ್ಯಾವತಿಯ ಕೈ ತಾನಾಗಿಯೇ ಉಂಡಿ ಎತ್ತಿತು. ಅಷ್ಟರಲ್ಲಿ ಕಣ್ಣು ಬುಟ್ಟಿಯ ಮೇಲೆ ಬಿತ್ತು.

"ಬುಟ್ಟಿ ತುಂಬ ಹಣ್ಣದಾವ. ಹಸಕೊಂಡು ಯಾಕ ಕುಂತೀದಿ?"

"ಅವು ಮಾರೂ ಹಣ್ಣವ್ವ. ನನಗ ತಿನ್ನಾಕ ಹೆಂಗ ಬರ್ತದ?"

"ಎಷ್ಟು ವರ್ಷ ಆತು ಮಾರಾಕತ್ತು?"

"ಮೂವತ್ತಾತು."

"ಮೂವತ್ತು ವರ್ಷದಾಗ ಒಂದೂ ತಿಂದಿಲ್ಲ?"

ಮುದುಕಿ ನೆನಪು ಮಾಡಿಕೊಂಡಳು. "ಒಡದಿದ್ದು ತಿಂದೀನಿ. ಒಡದಿದ್ದು ಯಾರ್ ತಗೋತಾರ?"

ವಿದ್ಯಾವತಿಗೆ ತನ್ನನ್ನೇ ಎದುರಿಗೆ ಕೂರಿಸಿದ ಹಾಗಾಯಿತು. ಉಂಡಿಯನ್ನು ಡಬ್ಬಿಗೆ ಇಳಿಸಿದಳು.

"ಇದು ಕೊಡಂಗಿಲ್ಲ ಯವ್ವಾ. ಇದು ನಂದು. ನಿಂದು ನಿನ್ನ ಬುಟ್ಟ್ಯಾಗದ. ಒಡದಿದ್ದಲ್ಲ, ಛಂದನ್ನ ಹಣ್ಣು ತಗದು ತಿನ್ನು."

ಉಣ್ಣುವ ವಸ್ತುವಿಗೆ "ನಂದು" ಎಂದು ಅವಳು ಅಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಮುದುಕಿಯೆದುರೇ ಎರಡೂ ಉಂಡಿ ತಿಂದಳು, ಪುಡಿ ಕೂಡ ಬಿಡಲಿಲ್ಲ. ಮುದುಕಿ ಹಣ್ಣು ಮುಟ್ಟಲಿಲ್ಲ. ಬುಟ್ಟಿಯ ಮೇಲಿನ ಬಟ್ಟೆ ಎಳೆದುಕೊಂಡು, ಟೈರು ಬದಲಾದ ಮೇಲೆ ಬಸ್ಸು ಹತ್ತಿ, ಕಲಬುರಗಿಯಲ್ಲಿ ಬೆನ್ನು ತಿರುಗಿಸಿ ಇಳಿದು ಹೋದಳು.

ಮರುದಿನ ತೂಕ ನಲವತ್ತಮೂರು ಕಿಲೋ ಇನ್ನೂರು ಗ್ರಾಂ. ಡಾಕ್ಟರು ಬಸ್ಸಿಗೆ ಹೋಗಲು ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಅಲ್ಫಿಯಾ "ಡಬ್ಬಿ ಬಿಟ್ಟೀರಿ ಮತ್ತ" ಎಂದು ಗದರಿಸಿ ಕಳಿಸಿದಳು. ಸೃಷ್ಟಿ ಅಮ್ಮನ ಕೊರಳಿಗೆ ಜೋತುಬಿದ್ದಳು. ವಿದ್ಯಾವತಿಗೆ ಮಾತ್ರ ಒಂದು ಮುಳ್ಳು ಒಳಗೆ ಉಳಿದಿತ್ತು. ಒಂದು ಉಂಡಿಗಾಗಿ ಹಸಿದ ಮುದುಕಿಯ ಮನಸ್ಸು ನೋಯಿಸಿದೆನಲ್ಲ ಎಂದು. ಮೂರು ದಿನ ಶಿವಕಾಂತಮ್ಮ ಅವಳ ಬಸ್ಸು ಹತ್ತಲಿಲ್ಲ.

ನಾಲ್ಕನೆಯ ದಿನ ಕಮಲಾಪುರದಲ್ಲಿ ಬುಟ್ಟಿ ಹತ್ತಿತು, ಹಿಂದೆಯೇ ಮುದುಕಿ. ವಿದ್ಯಾವತಿಯ ಮುಖ ನೋಡದೆ ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿದ್ದ ಹುಡುಗ ಬುಟ್ಟಿಯ ಮೇಲಿದ್ದ ದಪ್ಪನೆಯ ಕೆಂಪು ಹಣ್ಣಿಗೆ ಕೈ ಹಾಕಿ, "ಇದೆಷ್ಟಕ್ಕ ಕೊಡ್ತಿ ಅಮ್ಮಾ?" ಅಂದ.

ಮುದುಕಿ ಅವನ ಕೈ ಸರಿಸಿದಳು.

"ಅದೊಂದು ಬಿಟ್ಟು ಯಾವುದರೆ ತಗೋ ತಮ್ಮಾ. ಅದು ಮಾರೂದಲ್ಲ, ನಂದು."

ಹಾಗೆಂದು ಎಲ್ಲರೆದುರೇ ಸಿಪ್ಪೆ ಸುಲಿದಳು. ವಿದ್ಯಾವತಿ ಕಡೆಯ ಟಿಕೆಟ್ ಹರಿದು, ಅವಳೆದುರಿನ ಸೀಟಿನಲ್ಲಿ ಕೂತು ದೊಡ್ಡ ಡಬ್ಬಿ ತೆಗೆದಳು. ಒಬ್ಬರಿಗೊಬ್ಬರು "ಬರ್ರಿ" ಅನ್ನಲಿಲ್ಲ. ಮಹಾಗಾಂವ್ ಕ್ರಾಸ್ ಬರುವುದರೊಳಗೆ ಇಬ್ಬರ ಕೈಯೂ ಖಾಲಿಯಾಗಿತ್ತು.