ಒದ್ದು ಅಂದರೆ ಬೇಡ

ಇದನ್ನು ಬರೆಯುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಮಗಳ ಮದುವೆ ಕಳೆಯಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಎಂದೆ. ಪೊರೆಯೂ ಹೋಯಿತು, ಆಮೇಲೆ ಕನ್ನಡಕ ಸಿಗುತ್ತಿಲ್ಲ ಎಂದೆ. ಕನ್ನಡಕ ತಲೆಯ ಮೇಲೇ ಇತ್ತು. ಇನ್ನು ನೆಪಗಳು ಉಳಿದಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆದವನು. ನಗಬೇಡಿ. ಕೊಳಾಲದ ಕಡೆಯವನು, ಎಸ್ಸೆಸ್ಸೆಲ್ಸಿ ಪಾಸು, ಆರಡಿಯ ಮೇಲೆ ನಾಲ್ಕು ಬೆರಳು. ಮೇಕೆಗೆ ಸೊಪ್ಪು ಕೀಳಲು ಬೇರೆಯವರ ಮನೆಯಲ್ಲಿ ದೋಟಿ ಇರುತ್ತಿತ್ತು, ನಮ್ಮ ಮನೆಯಲ್ಲಿ ನಾನಿದ್ದೆ. ಹೈಸ್ಕೂಲಿನಲ್ಲಿ ರಿಂಗಿಗೆ ಚೆಂಡು ಹಾಕುವುದು ಕಲಿತೆ. ಆಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯುವಕ ಸಂಘಗಳು, ಮದುವೆಮನೆಗೆ ಪಾತ್ರೆ ಎರವಲು ತಂದಂತೆ, ನನ್ನನ್ನು ಒಬ್ಬರಾದ ಮೇಲೊಬ್ಬರು ಕರೆದೊಯ್ದರು. ಸಂಬಳವೆಂದರೆ ಬಸ್ ಚಾರ್ಜು, ಊಟ, ವರ್ಷಕ್ಕೊಂದು ಜೊತೆ ಕ್ಯಾನ್ವಾಸ್ ಶೂ, ಗೆದ್ದರೆ ಕೈಗಿಷ್ಟು. ಆಟವಿಲ್ಲದ ತಿಂಗಳುಗಳಲ್ಲಿ ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ಹಾಕುತ್ತಿದ್ದೆ.

ಅಂಗಳವೆಲ್ಲ ಮಣ್ಣಿನದು. ಕಲ್ಲುಕಂಬಕ್ಕೆ ಹಲಗೆ, ಹಲಗೆಗೆ ಕಮ್ಮಾರ ಬಡಿದುಕೊಟ್ಟ ರಿಂಗು. ಶಿರಾದ ರಿಂಗು ಎಡಕ್ಕೆ ವಾಲಿತ್ತು. ಅಲ್ಲಿ ಆಡಿ ಪಳಗಿದವನು ಬೇರೆ ಊರಿನಲ್ಲಿ ಒಂದು ತಿಂಗಳು ನೆಟ್ಟಗೆ ಹಾಕಲಾರ. ಮಧುಗಿರಿಯಲ್ಲಿ ಹಲಗೆಯ ಹಿಂದೆ ಬೆಟ್ಟ ನಿಂತು ರಿಂಗು ಬೆರಳಿನ ಉಂಗುರದಷ್ಟು ಕಾಣುತ್ತಿತ್ತು. ರಿಂಗಿಗೆ ಬಲೆ ಇಲ್ಲದ ಕಡೆ ಚೆಂಡು ಒಳಗಿನಿಂದ ಬಂತೋ ಪಕ್ಕದಿಂದ ಬಂತೋ ಎಂದು ಜಗಳ. ಹೆಚ್ಚು ಗಂಟಲಿದ್ದವರಿಗೆ ಎರಡು ಪಾಯಿಂಟು.

ಊರಿಗೊಂದು ಹೆಸರು ನನಗೆ. ಮಧುಗಿರಿಯಲ್ಲಿ ಗಳ, ಶಿರಾದಲ್ಲಿ ಲಂಬೂ, ಕೊರಟಗೆರೆಯಲ್ಲಿ ಒಂಟೆ. ಪಾವಗಡದಲ್ಲಿ ತಾಟಿಮಾನು, ಅಂದರೆ ತಾಳೆಮರ. ಆ ಹೆಸರಿಟ್ಟವರು ಅಲ್ಲಿನ ಒಂದು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ನನ್ನ ಎದೆಯವರೆಗೆ ಬರುವ ಆಳು, ಸೀಟಿ ಮಾತ್ರ ಇಬ್ಬರು ಊದಿದಂತೆ. ತಂಡ ಕಟ್ಟಿದವರು ಅವರೇ, ಕ್ಯಾಪ್ಟನ್ನೂ ಅವರೇ. ಕೆಲಸ ಹಂಗಾಮಿ. ಮಧುಗಿರಿಯ ಟೂರ್ನಮೆಂಟಿನ ಕಪ್ ತಂದರೆ ಕಾಯಂ ಮಾಡುತ್ತೇವೆ ಎಂದು ಶಾಲೆಯ ಕಮಿಟಿಯವರು ಮಾತು ಕೊಟ್ಟಿದ್ದರು. ಅದಕ್ಕೇ ನನ್ನನ್ನು ಕರೆಸಿದ್ದು.

ನನ್ನ ತಾಯಿಯ ತವರು ಪಾವಗಡದಿಂದಾಚೆ. ಮನೆಯಲ್ಲಿ ಅವಳಾಡುತ್ತಿದ್ದುದು ತೆಲುಗು. ಕನ್ನಡದ ‘ಬೇಡ’ಕ್ಕಿಂತ ಮೊದಲೇ ನಾನು ಕಲಿತದ್ದು ಅವಳ ‘ಒದ್ದು’. ಬೆಲ್ಲದ ಡಬ್ಬಿಗೆ ಕೈ ಹಾಕಿದಾಗೆಲ್ಲ ಕೇಳಿದ ಮಾತು. ಆದರೆ ಪಾವಗಡದಲ್ಲಿ ನನಗೆ ತೆಲುಗು ಬರುತ್ತದೆಂದು ಬಾಯಿ ಬಿಡಲಿಲ್ಲ. ಅದು ಕಸುಬಿನ ಗುಟ್ಟು. ಭಾಷೆ ಬಾರದವನ ಎದುರು ಜನ ನಿಜವನ್ನೇ ಆಡುತ್ತಾರೆ. ‘ಈ ತಾಟಿಮಾನಿಗೆ ಎರಡು ಮುದ್ದೆ ಎಲ್ಲಿ ಸಾಕು, ಪಾಪ’ ಎಂದು ಅವರು ತೆಲುಗಿನಲ್ಲಿ ಮಾತಾಡಿಕೊಂಡದ್ದು ಕೇಳಿಸಿಕೊಂಡು, ಮೂರನೆಯದಕ್ಕೆ ಧೈರ್ಯವಾಗಿ ಕೈಯೊಡ್ಡುತ್ತಿದ್ದೆ. ಮೇಷ್ಟ್ರು ಪಾಪ, ನನ್ನೊಬ್ಬನ ಸಲುವಾಗಿ ಆಟದ ನಡುವೆಯೂ ಕನ್ನಡದಲ್ಲೇ ಕೂಗುತ್ತಿದ್ದರು.

ಫೈನಲ್ ಬಿದ್ದದ್ದು ಶಿರಾದವರ ಜೊತೆ. ಹಿಂದಿನ ವರ್ಷ ನನ್ನನ್ನು ಕೈಬಿಟ್ಟವರು ಅವರೇ. ಅವರ ಸೆಕ್ರೆಟರಿ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು ಹೇಳಿದ್ದ: “ಲಂಬೂ, ಕಾಲು ಉದ್ದ ಅದೆ, ಕೈ ಗಿಡ್ಡ ಆಗೋಯ್ತಲ್ಲಪ್ಪ. ದೂರದಿಂದ ಒಂದಾದ್ರೂ ಬೀಳ್ತದಾ?”

ಫೈನಲಿನ ದಿನ ಆತ ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕೂಲಿ ಆಟಗಾರನ ದೊಡ್ಡ ರೋಗ ಯಾವುದೆಂದರೆ, ಅವನು ಈ ವರ್ಷದ ತಂಡದಲ್ಲಿ ನಿಂತು ಬರುವ ವರ್ಷದ ತಂಡಕ್ಕೆ ಆಡುತ್ತಾನೆ.

ಆಟ ಮುಗಿಯಲು ಇನ್ನೇನು ಒಂದು ಗುಟುಕಿನಷ್ಟು ಹೊತ್ತು. ನಾವು ಒಂದು ಪಾಯಿಂಟು ಮುಂದೆ. ಚೆಂಡು ನನ್ನ ಕೈಯಲ್ಲಿ. ತಲೆಯ ಮೇಲೆ ಎತ್ತಿ ಹಿಡಿದು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅಷ್ಟೆತ್ತರಕ್ಕೆ ಆ ಮೈದಾನದಲ್ಲಿ ಯಾರ ಕೈಯೂ ಏರುತ್ತಿರಲಿಲ್ಲ. ದೇವರು ನನ್ನನ್ನು ಉದ್ದ ಮಾಡಿದ್ದೇ ಆ ಗಳಿಗೆಗಾಗಿ ಇರಬೇಕು. ನಾನು ಕುರ್ಚಿಯ ಕಡೆ ನೋಡಿದೆ. ಆಮೇಲೆ ರಿಂಗಿನ ಕಡೆ. ನನ್ನ ಕಣ್ಣು ಹೋದ ದಿಕ್ಕು ಮೇಷ್ಟ್ರಿಗೆ ತಿಳಿದುಹೋಯಿತು. ಗಾಬರಿಯಲ್ಲಿ ಕನ್ನಡ ಮರೆತು ಕೂಗಿದರು: “ಒದ್ದು! ಒದ್ದಯ್ಯಾ! ಒದ್ದು!”

ನನಗೆ ಕೇಳಿಸಿತು. ಅರ್ಥವೂ ಆಯಿತು. ಅರ್ಧ ಮೈದಾನದಿಂದ ಎಸೆದೆ.

ಚೆಂಡು ಹಲಗೆಗೂ ತಾಗದೆ ಬೆಟ್ಟದ ಕಡೆಗೆ ಹೋಯಿತು. ಶಿರಾದವರು ಗೆರೆಯಾಚೆಯಿಂದ ಒಳಗೆಸೆದು, ಓಡಿ, ನಮ್ಮ ಕಡೆಯ ರಿಂಗಿಗೆ ಹಾಕಿಯೂ ಬಿಟ್ಟರು. ಸೀಟಿ ಆಯಿತು.

ಸಂಜೆ ಮಧುಗಿರಿಯ ಹೋಟೆಲಿನಲ್ಲಿ ಎರಡೂ ತಂಡದವರು, ಊರವರು ಎಲ್ಲ ಸೇರಿದ್ದರು. ಮೇಷ್ಟ್ರು ಲೋಟ ಮುಟ್ಟದೆ ಕೇಳಿದರು: “ಯಾಕಯ್ಯಾ ತಾಟಿಮಾನು? ಅಷ್ಟು ಕೂಗಿದ್ನಲ್ಲ ನಾನು?”

ಎಲ್ಲರೂ ನನ್ನ ಮುಖ ನೋಡಿದರು. ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ನಾನೆಂದೆ: “ನೀವು ಒದ್ದು ಒದ್ದು ಅಂದ್ರಿ. ನಮ್ ಕಡೆ ಒದ್ದು ಅಂದ್ರೆ ಕಾಲಲ್ಲಿ ಒದ್ದು ಅಂತ. ಬ್ಯಾಸ್ಕೆಟ್‌ಬಾಲಲ್ಲಿ ಒದ್ರೆ ಫೌಲ್ ಅಲ್ವಾ ಮೇಷ್ಟ್ರೇ? ಅದ್ಕೇ ಒದೀದಂಗೆ ಎಸೆದ್‌ಬುಟ್ಟೆ!”

ಹೋಟೆಲ್ ಬಿದ್ದು ಬಿದ್ದು ನಕ್ಕಿತು. ಒಬ್ಬನಿಗೆ ಟೀ ನೆತ್ತಿಗೇರಿತು. “ಲೇ, ಇನ್ನೊಂದ್ಸಲ ಹೇಳ್ಲಾ, ಹೆಂಗಂದೆ?” ಎಂದ ಇನ್ನೊಬ್ಬ. ಹೇಳಿದೆ. ಮೂರನೆಯ ಸಲ ಅಭಿನಯ ಸಮೇತ. ಮೇಷ್ಟ್ರೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ನನ್ನ ಚೆಂಡು ಬಿದ್ದ ಜಾಗ ಯಾರಿಗೂ ನೆನಪಿಲ್ಲ. ಆ ಮಾತು ಮಾತ್ರ ಬಸ್ಸು ಹತ್ತಿ ನಾಲ್ಕು ತಾಲ್ಲೂಕು ಸುತ್ತಿತು. ಪಾವಗಡಕ್ಕಂತೂ ಮೇಷ್ಟ್ರಿಗಿಂತ ಮೊದಲೇ ತಲುಪಿತು. ಅವರು ಸಾಲು ನಿಲ್ಲಿಸಿ ಸೀಟಿ ಊದಿದರೆ ಹಿಂದಿನಿಂದ ಯಾರೋ “ಒದ್ದು” ಎನ್ನುವುದು, ಇಡೀ ಸಾಲು ಕಿಸಕ್ಕೆನ್ನುವುದು. ಒದ್ದು ಮೇಷ್ಟ್ರು ಎಂದೇ ಹೆಸರಾಯಿತು. ಹೇಳಿದ್ದು ತಿಳಿಯುವ ಹಾಗೆ ಹೇಳಲು ಬಾರದವರು ಮಕ್ಕಳಿಗೇನು ಹೇಳಿಕೊಟ್ಟಾರು ಎಂದಿತು ಕಮಿಟಿ. ಮುಂದಿನ ವರ್ಷ ಸೀಟಿ ಬೇರೆಯವರ ಕೊರಳಿಗೆ ಹೋಯಿತು.

ನಾನು ಅದನ್ನು ಮನೆಯಲ್ಲೂ ಹೇಳಿ ನಗಿಸಿದೆ. ತಾಯಿಯೊಬ್ಬಳು ನಗಲಿಲ್ಲ. “ನೀಕು ಒದ್ದಂಟೆ ತೆಲ್ದಾರಾ?” ಎಂದಳು. ನಿನಗೆ ಒದ್ದು ಅಂದರೆ ಗೊತ್ತಿಲ್ಲವೇನೋ, ಅಂತ. ನಾನು ಮೇಕೆಗೆ ಸೊಪ್ಪು ತರಬೇಕೆಂದು ಎದ್ದುಹೋದೆ.

ಐದಾರು ವರ್ಷ ಕಳೆದಿತ್ತು. ಮೊಣಕಾಲು ಕೈಕೊಟ್ಟು ಆಟ ಬಿಟ್ಟು, ಮಂಡಿಯ ಕೆಲಸದ ಮೇಲೆ ಪಾವಗಡಕ್ಕೆ ಹೋಗಿದ್ದೆ. ಒಂದು ಸೈಕಲ್ ಶಾಪಿನ ಒಳಗಿನಿಂದ ಕೂಗು ಬಂತು: “ಏಮಯ್ಯಾ ತಾಟಿಮಾನು! ಇನ್ನೂ ಬೆಳೀತಾನೇ ಇದೀಯಲ್ಲಯ್ಯಾ!”

ಮೇಷ್ಟ್ರು. ಟ್ಯೂಬು ನೀರಿನಲ್ಲಿ ಮುಳುಗಿಸಿ ಪಂಚರು ಹುಡುಕುತ್ತಿದ್ದರು. ಊಟ ಮಾಡದೆ ಹೋಗಕೂಡದೆಂದು ಕೈ ಹಿಡಿದು ಹಿಂದಿನ ಮನೆಗೆ ಕರೆದೊಯ್ದರು. ಕೂತ ಮೇಲೆ ಅವರಾಗಿಯೇ ಎತ್ತಿದರು: “ಅವತ್ತು ತಪ್ಪು ನಂದೇ ಕಣಯ್ಯಾ. ಯಾರಿಗೆ ಯಾವ ಮಾತು ತಿಳೀತದೆ ಅಂತ ಕ್ಯಾಪ್ಟನ್ ಆದೋನು ನೆನಪಿಟ್ಕಬೇಕು. ನಿಂಗೆ ತೆಲುಗು ಬರಲ್ಲ ಅಂತ ಗೊತ್ತಿದ್ದೂ ಕೂಗಿದ್ನಲ್ಲ! ಅವತ್ತಿಂದ ಮನೇಲೂ ‘ಬೇಡ’ ಅಂತ್ಲೇ ಅನ್ನೋದು.”

“ಕೋಳೀನೂ ಕನ್ನಡದಾಗೇ ಓಡಿಸ್ತಾರೆ,” ಎಂದರು ಅವರ ಹೆಂಡತಿ ಒಳಗಿನಿಂದ. “ಅದು ಹೋಗೋದೇ ಇಲ್ಲ.”

ಮೂವರೂ ನಕ್ಕೆವು. ಹೇಳಿಬಿಡಬೇಕು, ಮುದ್ದೆ ಮುಗಿಯಲಿ, ಹೇಳಿಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಆಕೆ ಬಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಡಲು ಬಗ್ಗಿದರು. ನಾನು ತಟ್ಟೆಗೆ ಕೈ ಅಡ್ಡ ಹಿಡಿದು, ತಾಯಿಗೆ ಹೇಳುತ್ತಿದ್ದ ಹಾಗೆ, “ಒದ್ದಕ್ಕಾ, ಒದ್ದು” ಎಂದುಬಿಟ್ಟೆ.

ಮೇಷ್ಟ್ರ ಕೈ ಸಾರಿನಲ್ಲೇ ನಿಂತಿತು. ನನ್ನನ್ನು ನೋಡಿದರು. ಕೋಪದ ನೋಟವಲ್ಲ ಅದು. ನೀರಿನಲ್ಲಿ ಗುಳ್ಳೆ ಎದ್ದ ಜಾಗವನ್ನು ನೋಡುವ ಹಾಗೆ. ಆಮೇಲೆ ಹೆಂಡತಿಯ ಕಡೆ ತಿರುಗಿ, “ಬೇಡ ಅಂತಾರೆ, ಬಿಡು” ಎಂದರು.

ಅಂತಾರೆ. ಅಲ್ಲಿಯವರೆಗೆ ನಾನು ಅವರಿಗೆ ಅಂತಾನೆ ಆಗಿದ್ದವನು. ಬಸ್ ಸ್ಟ್ಯಾಂಡಿನವರೆಗೂ ಬಂದರು, ಸೀಟು ಹಿಡಿಯಲು ಕಿಟಕಿಯಿಂದ ನನ್ನ ಟವೆಲ್ ಹಾಕಿದರು. “ಹುಷಾರಾಗಿ ಹೋಗಿ ಬನ್ನಿ” ಎಂದರು. ತಾಟಿಮಾನು ಎನ್ನಲಿಲ್ಲ. ತಪ್ಪಾಯಿತು ಎನ್ನುವುದು ನನಗೆ ಎರಡು ಭಾಷೆಯಲ್ಲೂ ಬರುತ್ತಿತ್ತು. ಒಂದರಲ್ಲೂ ಬಾಯಿಗೆ ಬರಲಿಲ್ಲ. ಬಸ್ಸು ಹೊರಟಿತು. ಈಚೆಗೆ ಆ ಕಡೆ ಹೋದವರನ್ನು ವಿಚಾರಿಸಿದೆ. ಶಾಪೂ ಇಲ್ಲ, ಅವರೂ ಇಲ್ಲ ಎಂದರು. ಯಾರು, ಒದ್ದು ಮೇಷ್ಟ್ರಾ ಎಂದು ಸುದ್ದಿ ತಂದವರೂ ನಕ್ಕರು.

ಆ ಹೆಸರು ಅವರದಲ್ಲ, ನಾನು ಅಂಟಿಸಿದ್ದು. ಕ್ಷಮೆ ಕೇಳಬೇಕಾಗಿದ್ದು, ಕೇಳದೆ ಉಳಿದದ್ದು, ಪಾವಗಡದ ಡ್ರಿಲ್ ಮೇಷ್ಟ್ರನ್ನು, ನನ್ನ ಕ್ಯಾಪ್ಟನ್ ಆಗಿದ್ದವರನ್ನು.